ಕಣ್ಣಂಚಿನ ತಾಮ್ರ

(ಗದಗ-ಬೆಟಗೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನನ್ನ ಕೈಯಲ್ಲಿರುವುದು ಎರಡುಗೆರೆಯ ಕಾಪಿ ಪುಸ್ತಕ. ಮೂವತ್ತು ವರ್ಷ ಹಳೆಯದು. ಜೂನ್ ತಿಂಗಳ ಮೊದಲ ಪುಟದಲ್ಲಿ ಅಕ್ಷರಗಳು ಎರಡು ಗೆರೆಯ ನಡುವೆ ತುಂಬಿಕೊಂಡು ಕೂತಿವೆ. ತಲಕಟ್ಟು ತಲಕಟ್ಟಿನ ಜಾಗದಲ್ಲಿ, ಒತ್ತು ಒತ್ತಿನ ಜಾಗದಲ್ಲಿ. ದಸರಾ ರಜೆ ಮುಗಿಯುವ ಹೊತ್ತಿಗೆ ಅವುಗಳ ಗಾತ್ರ ಅರ್ಧಕ್ಕಿಳಿದಿದೆ. ಸಂಕ್ರಾಂತಿಯ ನಂತರದ ಪುಟಗಳಲ್ಲಿ ಸಾಲಿನ ಆರಂಭದಲ್ಲಿ ಅಕ್ಷರವಿದೆ, ಕೊನೆಯಲ್ಲಿ ಇರುವೆ ಹರಿದಾಡಿದ ಗುರುತು ಮಾತ್ರ. ಅಂಚಿನಲ್ಲಿ ಮಾಸ್ತರರ ಕೆಂಪು ಶಾಯಿ: ದುಂಡಗೆ ಬರೆ. ಮುಂದಿನ ಪುಟದಲ್ಲಿಯೂ, ದುಂಡಗೆ ಬರೆ. ಅದರ ಮುಂದೆ, ತಂದೆಯನ್ನು ಕರೆದುಕೊಂಡು ಬಾ.

ಆ ತಂದೆ ಮಗನನ್ನು ಕರೆದುಕೊಂಡು ನನ್ನ ಹತ್ತಿರ ಬಂದಾಗ ಹುಡುಗನಿಗೆ ಹದಿಮೂರು. ಕಪ್ಪತಗುಡ್ಡ ಕಣ್ಣಿಗೆ ಕಾಣುವಷ್ಟು ದೂರದ ಒಂದು ಹಳ್ಳಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಹೇಳುತ್ತಿದ್ದೇನೆ. ಹುಡುಗನ ಬಾಯಿಂದ ಜೊಲ್ಲು ಸೋರುತ್ತಿತ್ತು. ಮಾತು ತೊದಲು. ನೀರಿನ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಅಂಗಿ ಒದ್ದೆ. ಮುಖದಲ್ಲಿ ಸದಾ ಒಂದು ನಗು ಅಂಟಿಕೊಂಡಿತ್ತು. ಅದು ನಗುವಲ್ಲ, ಮುಖದ ಸ್ನಾಯುಗಳು ಬಿಗಿದುಕೊಂಡದ್ದು. ಆ ನಗುವಿಗಾಗಿಯೇ ಅವನಿಗೆ ಶಾಲೆಯಲ್ಲಿ ಹೆಚ್ಚು ಏಟು ಬಿದ್ದಿದ್ದವು.

“ಸರ, ಮೊದಲ ಇವನ ಅಕ್ಷರ ಮುತ್ತಿನಂಗ ಇದ್ದುವ್ರಿ” ಎಂದರು ತಂದೆ. “ಈಗ ಬರಿಯಾಕ ಕುಂತ್ರ ಕೈ ಹಿಡ್ಕೊಂತೈತಿ ಅಂತಾನ. ಸೊಕ್ಕು ಬಂದೈತಿ ಅಂದ್ಕೊಂಡ್ವಿ. ಮಾಸ್ತರು ಹೊಡದ್ರು. ನಾನೂ ಹೊಡದೇನ್ರಿ.”

ಎರಡು ವರ್ಷದ ಹಿಂದೆ ಹುಡುಗನಿಗೆ ಕಾಮಣಿ ಆಗಿತ್ತು. ನಾಟಿ ಔಷಧ ಕುಡಿಸಿದ್ದರು, ಹೊಟ್ಟೆಯ ಮೇಲೆ ಚುಟಿಗೆ ಹಾಕಿಸಿದ್ದರು, ಕಡಿಮೆಯಾಗಿತ್ತು. ಆಮೇಲೆ ಕೈ ನಡುಗಲು ಶುರುವಾದಾಗ ಶಿರಹಟ್ಟಿಯ ಫಕೀರೇಶ್ವರರ ಗದ್ದುಗೆಗೆ ಹರಕೆ ಹೊತ್ತರು, ಲಕ್ಷ್ಮೇಶ್ವರದ ದರ್ಗಾದಲ್ಲಿ ಸಕ್ಕರೆ ಓದಿಸಿದರು. ನಡುನಡುವೆ ನರಕ್ಕೆ ಬಲ ಬರಲೆಂದು ಟಾನಿಕ್ಕು. ದೇವರ ಹತ್ತಿರ ಹೋದದ್ದು ತಪ್ಪೆಂದು ನಾನು ಎಂದೂ ಹೇಳಿಲ್ಲ. ಕಾಮಣಿಯ ಕಥೆಯನ್ನೂ ಅಕ್ಷರದ ಕಥೆಯನ್ನೂ ಒಂದೇ ಕಡೆ ಕೂತು ಕೇಳಿದವರು ಆ ಎರಡು ವರ್ಷ ಯಾರೂ ಇರಲಿಲ್ಲ, ನನ್ನ ನೋವು ಅಷ್ಟೇ.

ನಾನು ಟಾರ್ಚು ಹಾಕಿ ಕಣ್ಣು ನೋಡಿದೆ. ಏನೂ ಕಾಣಲಿಲ್ಲ. ನಮ್ಮ ಜನರ ಕಣ್ಣು ಕಂದು ಬಣ್ಣದ್ದು. ಅದರ ಮೇಲೆ ನಾನು ಹುಡುಕುತ್ತಿದ್ದ ಕಂದು ಉಂಗುರ ಬರಿಗಣ್ಣಿಗೆ ದಕ್ಕುವುದು ಕಷ್ಟ. ಓಣಿಯಾಚೆಯ ಕಣ್ಣಿನ ಡಾಕ್ಟರರ ಹತ್ತಿರ ಕಳಿಸಿದೆ. ಅವರು ಹುಡುಗನ ಗದ್ದವನ್ನು ಸ್ಲಿಟ್ ಲ್ಯಾಂಪಿನ ಪಟ್ಟಿಯ ಮೇಲೆ ಇಡಿಸಿ, ಕೂದಲೆಳೆಯಂಥ ಬೆಳಕನ್ನು ಓರೆಯಾಗಿ ಹಾಯಿಸಿ, ನನ್ನನ್ನೂ ಕರೆದು ತೋರಿಸಿದರು. ಕರಿಗುಡ್ಡೆಯ ಅಂಚಿನಲ್ಲಿ, ಮೇಲೆ ದಪ್ಪಗೆ, ಕೆಳಗೆ ತೆಳುವಾಗಿ, ಬಂಗಾರಕ್ಕೂ ಕಂದಿಗೂ ನಡುವಿನ ಒಂದು ಬಳೆ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟ ಮೂರನೆಯ ದಿನಕ್ಕೆ ಬರುತ್ತದಲ್ಲ, ಅದೇ ಬಣ್ಣ. ಅದು ತಾಮ್ರವೇ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಆನುವಂಶಿಕ ಮಿದುಳು ಸವೆತದ ಅಪರೂಪದ ರೋಗಗಳು’ ಎಂದು ಅಚ್ಚು ಹಾಕಿಸಿದ್ದಾರೆ. ಇಂಥ ರೋಗಗಳು ನೂರಾರು. ಹೆಚ್ಚಿನವುಗಳಿಗೆ ಹೆಸರಿದೆ, ಕಾರಣ ಗೊತ್ತಿದೆ, ತಡೆಯುವ ಮದ್ದಿಲ್ಲ. ಆ ಹುಡುಗನ ರೋಗಕ್ಕೆ ಮದ್ದಿದೆ. ಅದಕ್ಕೇ ನನಗೆ ಕೊಟ್ಟ ಹೊತ್ತಿನ ಬಹುಪಾಲನ್ನು ಇದಕ್ಕೇ ಕೊಡುತ್ತೇನೆ. ಇದರ ಹೆಸರು ವಿಲ್ಸನ್ ಕಾಯಿಲೆ.

ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನಿಯರ್ ವಿಲ್ಸನ್ ಲಂಡನ್ನಿನ ವೈದ್ಯ. ಎಳೆಯ ವಯಸ್ಸಿನವರಲ್ಲಿ ನಡುಕ, ಬಿಗಿತ, ತೊದಲು ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಅವರು ಸಾಯುವುದನ್ನು, ಸತ್ತಮೇಲೆ ತೆರೆದು ನೋಡಿದರೆ ಮಿದುಳಿನ ಒಳಗೂ ಲಿವರಿನಲ್ಲೂ ಹಾನಿ ಇರುವುದನ್ನು 1912ರಲ್ಲಿ ವಿವರವಾಗಿ ಬರೆದರು. ಮಿದುಳಿನೊಳಗೆ ಹಾಳಾದ ಆ ಜಾಗದ ಹೆಸರಿಗೆ ಮಸೂರ ಬೇಳೆಯ ಆಕಾರದ್ದು ಎಂದರ್ಥ. ಕನ್ನಡದಲ್ಲಿ ಬೇಳೆಗೂ ಕನ್ನಡಕದ ಗಾಜಿಗೂ ಮಸೂರ ಎಂದೇ ಅನ್ನುತ್ತೇವೆ, ಲ್ಯಾಟಿನ್ನಿನಲ್ಲೂ ಹಾಗೆಯೇ. ನಾವು ನಡೆಯುವಾಗ, ಬರೆಯುವಾಗ, ನುಂಗುವಾಗ ಚಲನೆ ಹದವಾಗಿರಬೇಕಲ್ಲ, ಆ ಹದ ಕಾಯುವ ಜಾಗ ಅದು. ಕಣ್ಣಿನ ಉಂಗುರವನ್ನು ಅದಕ್ಕೂ ಹತ್ತು ವರ್ಷ ಮೊದಲೇ, 1902 ಮತ್ತು 1903ರಲ್ಲಿ, ಕೈಸರ್ ಮತ್ತು ಫ್ಲೈಶರ್ ಎಂಬ ಇಬ್ಬರು ಜರ್ಮನ್ ವೈದ್ಯರು ಕಂಡು ಬರೆದಿದ್ದರು. ಉಂಗುರವೂ ಈ ರೋಗವೂ ಒಂದೇ ಗಂಟಿನವು ಎಂಬುದು ಗೊತ್ತಾದದ್ದು ಆಮೇಲೆ. ಲಿವರಿನಲ್ಲೂ ಮಿದುಳಿನಲ್ಲೂ ತುಂಬಿರುವುದು ತಾಮ್ರ ಎಂದು 1948ರಲ್ಲಿ ಕಮಿಂಗ್ಸ್ ಖಚಿತಪಡಿಸಿದರು.

ನಾವು ದಿನಕ್ಕೆ ಒಂದೆರಡು ಮಿಲಿಗ್ರಾಂ ತಾಮ್ರ ತಿನ್ನುತ್ತೇವೆ. ಜೋಳದ ರೊಟ್ಟಿಯಲ್ಲಿದೆ, ಬೇಳೆಯಲ್ಲಿದೆ, ಶೇಂಗಾದಲ್ಲಿದೆ. ದೇಹಕ್ಕೆ ಅದು ಬೇಕು, ಆದರೆ ಚೂರೇ ಚೂರು ಬೇಕು. ಉಳಿದದ್ದನ್ನು ಲಿವರು ಪಿತ್ತದ ಜೊತೆ ಕರುಳಿಗೆ ಸಾಗಿಸಿ ಹೊರಗೆ ಹಾಕುತ್ತದೆ. ಸಾಗಿಸುವ ಹಮಾಲನ ಕೆಲಸ ಒಂದು ಪ್ರೋಟೀನಿನದು. ಆ ಪ್ರೋಟೀನನ್ನು ಕಟ್ಟುವ ಕ್ರಮ ಬರೆದಿರುವುದು ನಮ್ಮ ಹದಿಮೂರನೆಯ ವರ್ಣತಂತುವಿನ ಮೇಲಿನ ಎಟಿಪಿ7ಬಿ ಎಂಬ ವಂಶವಾಹಿಯಲ್ಲಿ. ಇದನ್ನು 1993ರಲ್ಲಿ ಗುರುತಿಸಿದರು. ಹಮಾಲನಿಲ್ಲದಿದ್ದರೆ ಮೂಟೆಗಳು ಲಿವರಿನ ಗೋದಾಮಿನಲ್ಲೇ ಬೀಳುತ್ತವೆ. ಕೆಲವರಿಗೆ ಅಲ್ಲೇ ಕಾಮಣಿ, ಹೊಟ್ಟೆ ಊತ. ಗೋದಾಮು ತುಂಬಿ ತುಳುಕಿದ ಮೇಲೆ ತಾಮ್ರ ರಕ್ತಕ್ಕಿಳಿದು ಮಿದುಳಿಗೆ, ಕಣ್ಣಿಗೆ, ಮೂತ್ರಪಿಂಡಕ್ಕೆ ಹೋಗಿ ಕೂರುತ್ತದೆ. ಐದರಿಂದ ಮೂವತ್ತೈದರ ವಯಸ್ಸಿನೊಳಗೆ ಎಲ್ಲೋ ಒಂದು ಕಡೆ ರೋಗ ತಲೆ ಎತ್ತುತ್ತದೆ.

ವಂಶವಾಹಿಯ ತಪ್ಪು ಎಂದರೆ ಏನು ಎಂದು ಕೇಳುವವರಿಗೆ ಗದಗಿನಲ್ಲಿ ನಿಂತು ಹೇಳಲು ನನಗೊಂದು ಅನುಕೂಲವಿದೆ. ವೀರನಾರಾಯಣನ ಗುಡಿಯ ಊರು ಇದು, ಕುಮಾರವ್ಯಾಸನ ಊರು. ಅವನ ಕಾವ್ಯ ನಮಗೆ ಬಂದದ್ದು ಓಲೆಗರಿಯ ಪ್ರತಿಗಳಿಂದ. ಒಬ್ಬ ಲಿಪಿಕಾರ ನೋಡಿ ಬರೆದ, ಅವನದನ್ನು ಇನ್ನೊಬ್ಬ ನೋಡಿ ಬರೆದ. ಬರೆಯುವಾಗ ಎಲ್ಲೋ ಒಂದು ಕಡೆ ಕೈತಪ್ಪಿ ಒಂದಕ್ಷರ ಬಿತ್ತು. ಆ ಪ್ರತಿಯಿಂದ ಎತ್ತಿದ ಎಲ್ಲ ಪ್ರತಿಗಳಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರ ಬಿದ್ದಿರುತ್ತದೆ. ಗ್ರಂಥಸಂಪಾದಕರು ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಇವೆರಡಕ್ಕೂ ಮಾತೃಪ್ರತಿ ಒಂದೇ ಎಂದು ತೀರ್ಮಾನಿಸುತ್ತಾರೆ. ವಂಶವಾಹಿ ಓದುವ ನಾವೂ ಹಾಗೇ ಮಾಡುತ್ತೇವೆ.

ನಮ್ಮೊಬ್ಬೊಬ್ಬರಲ್ಲೂ ಪ್ರತಿ ವಂಶವಾಹಿಯ ಎರಡು ಪ್ರತಿಗಳಿವೆ: ಅಪ್ಪನದೊಂದು, ಅವ್ವನದೊಂದು. ಒಂದರಲ್ಲಿ ಅಕ್ಷರ ಬಿದ್ದಿದ್ದರೂ ಇನ್ನೊಂದು ನೆಟ್ಟಗಿದ್ದರೆ ದೇಹ ಅದನ್ನೋದಿ ಕೆಲಸ ಸಾಗಿಸುತ್ತದೆ. ಅಂಥವರಿಗೆ ವಾಹಕರು ಎನ್ನುತ್ತೇವೆ. ಅವರಿಗೆ ರೋಗವಿಲ್ಲ, ಔಷಧ ಬೇಕಿಲ್ಲ. ಜಗತ್ತಿನ ಸಾಮಾನ್ಯ ಅಂದಾಜಿನಂತೆ ತೊಂಬತ್ತು ಜನರಲ್ಲಿ ಒಬ್ಬರು ವಿಲ್ಸನ್ ಕಾಯಿಲೆಯ ವಾಹಕರು. ಈ ಸಭಾಂಗಣದಲ್ಲೇ ಇಬ್ಬರು ಇರಬಹುದು, ನಾನೇ ಆಗಿರಬಹುದು. ಅಪ್ಪ ಅವ್ವ ಇಬ್ಬರೂ ವಾಹಕರಾಗಿ, ಇಬ್ಬರ ಕೆಟ್ಟ ಪ್ರತಿಗಳೂ ಒಂದೇ ಮಗುವಿಗೆ ಬಂದರೆ ರೋಗ. ಪ್ರತಿ ಬಸಿರಿಗೂ ಈ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂವರು ಪಾರು ಎಂಬ ಲೆಕ್ಕ ಇಲ್ಲಿ ನಡೆಯದು. ಪ್ರತಿ ಸಲವೂ ಕವಡೆ ಹೊಸದಾಗಿಯೇ ಬೀಳುತ್ತದೆ.

ಸಂಬಂಧವೇ ಇಲ್ಲದ ಇಬ್ಬರು ವಾಹಕರು ಗಂಡ ಹೆಂಡಿರಾಗುವುದು ಅಪರೂಪ. ಒಂದೇ ಅಜ್ಜನ ಮೊಮ್ಮಕ್ಕಳಾದರೆ ಮಾತೃಪ್ರತಿ ಒಂದೇ ಆಯಿತಲ್ಲ. ನಮ್ಮಲ್ಲಿ ಅಕ್ಕನ ಮಗಳು, ಸೋದರಮಾವ, ಸೋದರತ್ತೆಯ ಮಗ ಎಂದರೆ ಹುಟ್ಟಿದಾಗಲೇ ನಿಶ್ಚಯ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಬ್ರಿಟನ್ನಿನಿಂದ ಬಂದ ಎ.ಎಚ್. ಬಿಟಲ್ಸ್ ಸೇರಿ ಬೆಂಗಳೂರು, ಮೈಸೂರಿನ ಹೆರಿಗೆಗಳನ್ನು ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಕಾಲುಭಾಗಕ್ಕಿಂತ ಹೆಚ್ಚು ಮದುವೆಗಳು ಒಳಗಿನ ಸಂಬಂಧದವೇ ಆಗಿದ್ದವು.

ಈ ಮಾತನ್ನು ಬೈಗುಳವಾಗಿ ಯಾರೂ ಕೇಳಬಾರದು. ಹೊಲ ಒಡೆಯಬಾರದು, ಮಗಳು ದೂರ ಹೋಗಬಾರದು, ಕಷ್ಟಕ್ಕೆ ತವರು ಕೂಗಳತೆಯಲ್ಲಿರಬೇಕು ಎಂಬ ಹಿರಿಯರ ಆಸೆಯಲ್ಲಿ ಪ್ರೀತಿಯಿದೆ. ನನ್ನ ಅಪ್ಪ ಅವ್ವ ಕೂಡ ಸೋದರಸಂಬಂಧಿಗಳೇ. ಒಳಸಂಬಂಧದಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಇಂಥ ರೋಗ ಒಮ್ಮೆ ಕಂಡ ಮೇಲೆ ಲೆಕ್ಕ ಬೇರೆಯಾಗುತ್ತದೆ, ಅದನ್ನು ಬಿಡಿಸಿ ಹೇಳುವುದು ವೈದ್ಯನ ಕರ್ತವ್ಯ. ವಿಲ್ಸನ್ ಕಾಯಿಲೆಯಿದ್ದು ಔಷಧದಿಂದ ಚೆನ್ನಾಗಿರುವ ಹುಡುಗ ಹೊರಗಿನ ಹೆಣ್ಣನ್ನು ಮದುವೆಯಾದರೆ ಮಗುವಿಗೆ ರೋಗ ಬರುವ ಸಾಧ್ಯತೆ ಸುಮಾರು ನೂರೆಂಬತ್ತರಲ್ಲಿ ಒಂದು. ಸೋದರಮಾವನ ಮಗಳನ್ನು ಮಾಡಿಕೊಂಡರೆ ಎಂಟರಲ್ಲಿ ಒಂದು. ಸ್ವಂತ ಅಕ್ಕನ ಮಗಳನ್ನು ಮಾಡಿಕೊಂಡರೆ ಆರರಲ್ಲಿ ಒಂದು. ಈ ಅಂಕಿಗಳನ್ನು ಹಿರಿಯರ ಮುಂದೆ ಹಾಳೆಯ ಮೇಲೆ ಬರೆದು ತೋರಿಸಿದ್ದೇನೆ. ಹೆಚ್ಚಿನವರಿಗೆ ಅರ್ಥವಾಗುತ್ತದೆ. ಬಡ್ಡಿ ಲೆಕ್ಕ, ಬಿತ್ತನೆಯ ಲೆಕ್ಕ ಬಾಯಲ್ಲೇ ಹಾಕುವವರಿಗೆ ಇದು ದೊಡ್ಡದಲ್ಲ.

ನಮ್ಮ ನಾಡಿನಲ್ಲಿ ಈ ರೋಗದ ಬಗ್ಗೆ ಗೊತ್ತಿರುವುದರಲ್ಲಿ ಬಹಳಷ್ಟು ಬೆಂಗಳೂರಿನ ನಿಮ್ಹಾನ್ಸಿನಿಂದ ಬಂದದ್ದು. ಡಾ. ಎ.ಬಿ. ತಾಲಿ ಮತ್ತು ಸಂಗಡಿಗರು ಮೂರು ದಶಕಗಳಲ್ಲಿ ಅಲ್ಲಿ ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಒಂದು ಅಪರೂಪದ ರೋಗಕ್ಕೆ ಇದು ದೊಡ್ಡ ಸಂಖ್ಯೆ. ನರರೋಗದ ಆಸ್ಪತ್ರೆಯಾದ್ದರಿಂದ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ನಡುಕ, ಬಿಗಿತ, ತೊದಲು ಎಂದೇ ಬಂದಿದ್ದರು. ಅರ್ಧದ ಆಸುಪಾಸು ರೋಗಿಗಳ ತಂದೆತಾಯಿ ರಕ್ತಸಂಬಂಧಿಗಳು. ಹೆಚ್ಚುಕಡಿಮೆ ಅಷ್ಟೇ ಮಂದಿಯ ಕುಟುಂಬದಲ್ಲಿ ಇನ್ನೊಬ್ಬರಿಗೂ ರೋಗವಿತ್ತು. ಈ ಕೊನೆಯ ಸಾಲನ್ನು ದಯವಿಟ್ಟು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ಮಿದುಳಿನ ಚಿತ್ರಕ್ಕೆ ಬರೋಣ. ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ದೊಡ್ಡ ಕಾಂತದೊಳಗೆ ಮಲಗಿದಾಗ ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಕಾಂತದ ದಿಕ್ಕಿಗೆ ಸಾಲಾಗುತ್ತವೆ. ರೇಡಿಯೊ ಅಲೆಯಿಂದ ಅವನ್ನು ತುಸು ತಳ್ಳಿ ಬಿಟ್ಟರೆ ಮರಳಿ ಜಾಗಕ್ಕೆ ಬರುವಾಗ ರೇಡಿಯೊ ಸಂಕೇತ ಹೊರಡಿಸುತ್ತವೆ. ಗಟ್ಟಿ ಜಾಗದ ಕಣಗಳು ಬೇಗ ಮರಳುತ್ತವೆ, ಬಾತ ಜಾಗದವು ನಿಧಾನ. ಆ ಹೊತ್ತಿನ ವ್ಯತ್ಯಾಸವನ್ನೇ ಯಂತ್ರ ಕಪ್ಪು ಬಿಳುಪಾಗಿ ಬರೆಯುತ್ತದೆ. ವಿಲ್ಸನ್ ರೋಗಿಯ ಚಿತ್ರದಲ್ಲಿ ಮಸೂರದ ಜಾಗ ಎರಡೂ ಬದಿಗೆ ಒಂದೇ ಸಮನಾಗಿ ಬೆಳ್ಳಗೆ ಕಾಣುತ್ತದೆ. ಜನ ಅದನ್ನೇ ತಾಮ್ರ ಎಂದುಕೊಳ್ಳುತ್ತಾರೆ. ಅಲ್ಲ. ಬೆಳ್ಳಗೆ ಕಾಣುವುದು ತಾಮ್ರ ಮಾಡಿದ ಗಾಯ, ಬಾವು, ಸತ್ತ ಕೋಶಗಳ ಜಾಗ. ಆದ್ದರಿಂದಲೇ ಔಷಧ ಹತ್ತಿದ ಒಂದೆರಡು ವರ್ಷಕ್ಕೆ ಮತ್ತೆ ಚಿತ್ರ ತೆಗೆಸಿದರೆ ಎಷ್ಟೋ ಸಲ ಆ ಬಿಳುಪು ಇಳಿದಿರುತ್ತದೆ. ಅದನ್ನು ತಾಯಂದಿರಿಗೆ ಬೆಳಕಿನ ಪೆಟ್ಟಿಗೆಯ ಮೇಲೆ ಹಚ್ಚಿ ತೋರಿಸುವುದು ನನ್ನ ವೃತ್ತಿಯ ದೊಡ್ಡ ಸುಖಗಳಲ್ಲೊಂದು.

ನಡುಮಿದುಳಿನ ಅಡ್ಡಸೀಳಿನಲ್ಲಿ ಕೆಲವೊಮ್ಮೆ ಒಂದು ಮುಖ ಮೂಡುತ್ತದೆ: ಸುತ್ತಲೂ ಬಿಳುಪು, ನಡುವೆ ಕಣ್ಣಿನಂತೆ ಎರಡು ಕಪ್ಪು ಚುಕ್ಕೆ, ಮೇಲೆ ಕಿವಿಯಂತೆ ಇನ್ನೆರಡು. 1991ರಲ್ಲಿ ಜಪಾನಿನ ವೈದ್ಯರು ಇದನ್ನು ದೈತ್ಯ ಪಾಂಡಾದ ಮುಖ ಎಂದು ಕರೆದರು, ಹೆಸರು ನಿಂತಿತು. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆ ಇದು ಬಹಳ ಪ್ರಿಯ. ಆದರೆ 2006ರಲ್ಲಿ ನಿಮ್ಹಾನ್ಸಿನವರು ನೂರು ಮಂದಿಯ ಚಿತ್ರಗಳನ್ನು ಕೂಡಿಸಿ ನೋಡಿದಾಗ ಪಾಂಡಾ ಕಂಡದ್ದು ಹನ್ನೆರಡು ಮಂದಿಯಲ್ಲಿ. ಮಸೂರದ ಹೊರಭಾಗ ಬೆಳ್ಳಗಾದದ್ದು ಎಪ್ಪತ್ತೆರಡು ಮಂದಿಯಲ್ಲಿ. ಪಾಂಡಾ ಇಲ್ಲ, ಆದ್ದರಿಂದ ವಿಲ್ಸನ್ ಇಲ್ಲ ಎಂದು ಬರೆದ ವರದಿಗಳನ್ನು ನಾನು ಕಂಡಿದ್ದೇನೆ. ಚೆಂದದ ಗುರುತಿಗೆ ಮರುಳಾದರೆ ರೋಗಿ ಕೈತಪ್ಪಿ ಹೋಗುತ್ತಾನೆ. ಅದೇ ಅಧ್ಯಯನದ ಇನ್ನೊಂದು ಮಾತು ಇದಕ್ಕಿಂತ ದೊಡ್ಡದು: ನಡುಕ, ತೊದಲು ಇಲ್ಲದೆ ಬಂದವರ ಪೈಕಿಯೂ ಕೆಲವರ ಮಿದುಳಿನಲ್ಲಿ ಬದಲಾವಣೆ ಆಗಲೇ ಶುರುವಾಗಿತ್ತು.

ಇದರ ದಾಯಾದಿಗಳನ್ನೂ ಚಿತ್ರ ಗುರುತಿಸಿಕೊಡುತ್ತದೆ. ಹಂಟಿಂಗ್ಟನ್ ಕಾಯಿಲೆಯಲ್ಲಿ ಮಸೂರದ ಪಕ್ಕದ ಬಾಲದಾಕಾರದ ಭಾಗ ಸವೆದು, ಅಲ್ಲಿನ ನೀರಿನ ಕೋಣೆ ಅಗಲವಾಗುತ್ತದೆ. ಸ್ಪೈನೋಸೆರೆಬೆಲ್ಲರ್ ಅಟ್ಯಾಕ್ಸಿಯ ಎಂಬ ಗುಂಪಿನಲ್ಲಿ ಹಿಂದಲೆಯ ಕಿರುಮಿದುಳು ಬಾಡುತ್ತದೆ, ನಡಿಗೆ ಕುಡಿದವರಂತಾಗುತ್ತದೆ. ಅದರಲ್ಲೊಂದು ಬಗೆಯಲ್ಲಿ ಕಣ್ಣುಗುಡ್ಡೆ ಆಚೀಚೆ ಹೊರಳುವುದೇ ನಿಧಾನ; 1971ರಲ್ಲಿ ಇದನ್ನು ಭಾರತದ ಒಂಬತ್ತು ಕುಟುಂಬಗಳಲ್ಲಿ ಕಂಡು ಜಗತ್ತಿಗೆ ಹೇಳಿದವರು ಮುಂಬಯಿಯ ಡಾ. ನೋಶಿರ್ ವಾಡಿಯಾ. ಇನ್ನೊಂದು ರೋಗದಲ್ಲಿ ಮಿದುಳಿನೊಳಗೆ ಕಬ್ಬಿಣ ಕೂರುತ್ತದೆ. ಚಿತ್ರದಲ್ಲಿ ಅದು ಕಪ್ಪು, ನಡುವೆ ಬಿಳಿ ಚುಕ್ಕೆ. ಅದಕ್ಕೆ ಹುಲಿಗಣ್ಣು ಎನ್ನುತ್ತಾರೆ.

ಹಂಟಿಂಗ್ಟನ್ ಕಾಯಿಲೆಯಲ್ಲಿ ಲಿಪಿಕಾರನ ತಪ್ಪು ಬೇರೆ ಬಗೆಯದು. ಅಕ್ಷರ ಬಿದ್ದಿಲ್ಲ, ಸಿ-ಎ-ಜಿ ಎಂಬ ಮೂರಕ್ಷರವನ್ನೇ ಬರೆದ, ಬರೆದ, ಬರೆಯುತ್ತಲೇ ಹೋದ. ನಲವತ್ತು ಸಲ ಅಥವಾ ಅದಕ್ಕೂ ಹೆಚ್ಚು ಬರೆದುಬಿಟ್ಟರೆ ನಡುವಯಸ್ಸಿನಲ್ಲಿ ರೋಗ ಬಂದೇ ಬರುತ್ತದೆ. ಇಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು, ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮದುವೆ ಒಳಗಿನದೋ ಹೊರಗಿನದೋ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ತಡೆಯುವ ಔಷಧವೂ ಇನ್ನೂ ಇಲ್ಲ. ಅದಕ್ಕೇ ಇಂಥ ಮನೆಯ ಎಳೆಯ ಮಕ್ಕಳ ರಕ್ತ ತೆಗೆದು ಭವಿಷ್ಯ ನೋಡಬಾರದು ಎಂಬ ಕಟ್ಟುಪಾಡನ್ನು ನಾನು ಗಟ್ಟಿಯಾಗಿ ಪಾಲಿಸುತ್ತೇನೆ. ದೊಡ್ಡವರಾದ ಮೇಲೆ ತಿಳಿಯಬೇಕೋ ಬೇಡವೋ ಎಂದು ಅವರೇ ನಿರ್ಧರಿಸಲಿ. ವಿಲ್ಸನ್ ಕಾಯಿಲೆಯಲ್ಲಿ ಧರ್ಮ ತಿರುಗುಮುರುಗಾಗುತ್ತದೆ: ಮದ್ದು ಇರುವುದರಿಂದ ಮಕ್ಕಳನ್ನು ಪರೀಕ್ಷಿಸದೆ ಬಿಡುವುದೇ ತಪ್ಪು. ಆನುವಂಶಿಕ ಎಂಬ ಒಂದೇ ಹಣೆಪಟ್ಟಿ ಹಚ್ಚಿ ಎರಡನ್ನೂ ಒಂದೇ ಚೀಲಕ್ಕೆ ಹಾಕುವ ವೈದ್ಯರ ಮೇಲೆ ನನಗೆ ಸಿಟ್ಟಿದೆ.

ಆ ಮದ್ದಿನ ಕಥೆ ಕೇಳಿ. ಮೊದಲು ಬಂದದ್ದು ಯುದ್ಧದ ವಿಷಾನಿಲಕ್ಕೆ ಪ್ರತಿಯಾಗಿ ಮಾಡಿದ ಒಂದು ಎಣ್ಣೆ ಇಂಜೆಕ್ಷನ್. ಚುಚ್ಚಿದ ಜಾಗ ಬೆಂಕಿ. ಆಮೇಲೆ ಜಾನ್ ವಾಲ್ಶ್ ಎಂಬ ಇಂಗ್ಲಿಷ್ ವೈದ್ಯ, ಪೆನಿಸಿಲಿನ್ ಕೊಟ್ಟ ರೋಗಿಗಳ ಮೂತ್ರದಲ್ಲಿ ಪೆನಿಸಿಲಮೈನ್ ಎಂಬ ವಸ್ತುವನ್ನು ಕಂಡಿದ್ದವರು, ಅದರ ರಚನೆ ನೋಡಿ ಇದು ತಾಮ್ರವನ್ನು ಅಪ್ಪಿ ಹಿಡಿದು ಮೂತ್ರದಲ್ಲಿ ಹೊರಗೆ ಒಯ್ಯಬಲ್ಲದು ಎಂದು ಊಹಿಸಿದರು. ಮೊದಲ ಗುಳಿಗೆಯನ್ನು ತಾವೇ ನುಂಗಿದರು, ಆಮೇಲೆ ರೋಗಿಗೆ ಕೊಟ್ಟರು. ಅದು 1956. ಎಲ್ಲರಿಗೂ ಅದು ಒಗ್ಗುವುದಿಲ್ಲ. ಕೆಲವರಿಗೆ ಆರಂಭದಲ್ಲಿ ನಡುಕ ಹೆಚ್ಚುವುದೂ ಉಂಟು, ಆದ್ದರಿಂದ ಸಣ್ಣ ಪ್ರಮಾಣದಿಂದ ಏರಿಸುತ್ತ ಹೋಗಬೇಕು. ಸತುವಿನ ಗುಳಿಗೆ ಇನ್ನೊಂದು ದಾರಿ. ಅದು ಕರುಳಿನಲ್ಲೇ ತಾಮ್ರವನ್ನು ತಡೆದು ನಿಲ್ಲಿಸುತ್ತದೆ. ಎರಡನ್ನೂ ಬರಿಹೊಟ್ಟೆಯಲ್ಲಿ ನುಂಗಬೇಕು, ಉಂಡ ಮೇಲೆ ನುಂಗಿದರೆ ಅನ್ನವೇ ಔಷಧವನ್ನು ತಿನ್ನುತ್ತದೆ. ಮತ್ತು ಜೀವ ಇರುವ ತನಕ ಬಿಡುವಂತಿಲ್ಲ. ಮೈ ನೆಟ್ಟಗಾಯಿತೆಂದು ನಿಲ್ಲಿಸಿದವರು ಮತ್ತೆ ಕೆಟ್ಟು ಬಂದದ್ದನ್ನು ಕಂಡಿದ್ದೇನೆ. ಆ ಸಲ ಮೊದಲಿನಷ್ಟು ಮೇಲೆ ಬರುವುದಿಲ್ಲ.

ತಾಮ್ರದ ಪಾತ್ರೆಯ ಪ್ರಶ್ನೆ ಪ್ರತಿ ಊರಿನಲ್ಲೂ ಬರುತ್ತದೆ. ತಾಮ್ರದ ಹಂಡೆಯ ನೀರು ಕುಡಿದದ್ದರಿಂದ ಈ ರೋಗ ಬರುವುದಿಲ್ಲ. ಅಜ್ಜಿಯ ಕೊಡದ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಆದರೆ ರೋಗ ಇದ್ದವರು ತಾಮ್ರದಲ್ಲಿಟ್ಟ ನೀರು ಕುಡಿಯಬಾರದು, ತಾಮ್ರ ಭಸ್ಮ ಇರುವ ಔಷಧ ಮುಟ್ಟಬಾರದು. ಬೇರೊಂದು ರೋಗದಲ್ಲಿ ಪಾತ್ರೆಯನ್ನು ಸಂಶಯಿಸಲು ಕಾರಣವಿತ್ತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿದ ಹಾಲು ಕುಡಿದ ಕೂಸುಗಳ ಲಿವರು ಕೆಡುತ್ತಿರಬಹುದು ಎಂದು ಪುಣೆಯ ಮಕ್ಕಳ ವೈದ್ಯರಾದ ಆನಂದ ಪಂಡಿತ್, ಶೀಲಾ ಭಾವೆ ಮತ್ತು ಬ್ರಿಟನ್ನಿನ ಟ್ಯಾನರ್ 1983ರಲ್ಲಿ ಬರೆದರು. ಸ್ಟೀಲಿನ ಪಾತ್ರೆ ಮನೆಮನೆಗೆ ಬಂದಂತೆ ಆ ರೋಗ ಹೆಚ್ಚುಕಡಿಮೆ ಕಾಣೆಯಾಯಿತು. ಎರಡನ್ನೂ ಕಲೆಸಬಾರದು. ಕಲೆಸಿದರೆ ಪಾತ್ರೆ ಬದಲಿಸಿದೆವು, ಇನ್ನು ಗುಳಿಗೆ ಯಾಕೆ ಎನ್ನುವ ಮನೆಗಳು ಹುಟ್ಟುತ್ತವೆ.

ಆ ಕಾಪಿ ಪುಸ್ತಕದ ಹುಡುಗನ ಕಥೆ ಪೂರ್ತಿ ಹೇಳಿಲ್ಲ. ಹೇಳಬೇಕೆಂದೇ ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ.

ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಬಹಳ ಕಡಿಮೆ ಬಂತು, ಒಂದು ದಿನದ ಮೂತ್ರದಲ್ಲಿ ತಾಮ್ರ ಬಹಳ ಹೆಚ್ಚು. ಔಷಧ ಶುರು ಮಾಡಿದೆ. ಆರು ತಿಂಗಳಿಗೆ ಜೊಲ್ಲು ನಿಂತಿತು, ವರ್ಷಕ್ಕೆ ಲೋಟ ನೆಟ್ಟಗೆ ಹಿಡಿದ. ಆ ಮೊದಲ ದಿನ ಚೀಟಿ ಬರೆಯುತ್ತ ನಾನು ತಾಯಿಯನ್ನು ಕೇಳಿದ್ದೆ: “ಎಷ್ಟು ಮಕ್ಕಳವ್ವಾ?” “ಇನ್ನೊಬ್ಬಾಕಿ ಅದಾಳ್ರಿ, ಒಂಬತ್ತು ವರ್ಷದಾಕಿ. ಆಕಿ ಚಲೋ ಅದಾಳ್ರಿ.” “ಒಮ್ಮೆ ಆಕಿನ್ನೂ ಕರಕೊಂಡು ಬರ್ರಿ” ಎಂದೆ. ತಲೆ ಎತ್ತಿ ಹೇಳಲಿಲ್ಲ. ನೀರು ಹೆಚ್ಚು ಕುಡಿಯಿರಿ ಎನ್ನುವ ಧಾಟಿಯಲ್ಲಿ ಹೇಳಿದೆ. ಯಾಕೆ ಎಂದು ಬಿಡಿಸಲಿಲ್ಲ. ಅವರು ಪ್ರತಿ ಮೂರು ತಿಂಗಳಿಗೆ ಹುಡುಗನನ್ನು ಕರೆತಂದರು. ಹುಡುಗಿ ಎಲ್ಲಿ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಚೆನ್ನಾಗಿರುವ ಮಗುವನ್ನು ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ದವಾಖಾನೆಗೆ ಯಾರು ತರುತ್ತಾರೆ? ಮೂರನೆಯ ವರ್ಷ ಆ ಹುಡುಗಿಯನ್ನು ಹಳದಿ ಕಣ್ಣು, ಉಬ್ಬಿದ ಹೊಟ್ಟೆಯೊಂದಿಗೆ ಹೊತ್ತು ತಂದರು. ಲಿವರು ಪೂರ್ತಿ ಸೋತಿತ್ತು. ನಾಲ್ಕನೆಯ ದಿನ ಹೋದಳು. ತಂದೆ ನನಗೆ ಬೈಯಲಿಲ್ಲ. ಕೆಲವು ತಿಂಗಳ ಮೇಲೆ ಮಗನ ಹಳೆಯ ಕಾಪಿ ಪುಸ್ತಕ ತಂದು ಮೇಜಿನ ಮೇಲಿಟ್ಟರು. “ಇದು ನಿಮ್ಮ ಹಂತ್ಯಾಕ ಇರಲ್ರಿ. ಮುಂದ ಬಂದವರಿಗೆ ತೋರಸ್ರಿ” ಎಂದರು.

ರೋಗಿಯ ಒಡಹುಟ್ಟಿದ ಒಬ್ಬೊಬ್ಬರಿಗೂ ಅಪಾಯ ನಾಲ್ಕರಲ್ಲಿ ಒಂದು. ಇಡೀ ಜನರಲ್ಲಿ ಈ ರೋಗ ಇರುವವರು, ಜಗತ್ತಿನ ಅಂದಾಜಿನಂತೆ, ಮೂವತ್ತು ಸಾವಿರಕ್ಕೆ ಒಬ್ಬರು. ಗದಗ ಜಿಲ್ಲೆಯ ಜನಸಂಖ್ಯೆ 2011ರ ಎಣಿಕೆಯಲ್ಲಿ 10,64,570. ಭಾಗಿಸಿದರೆ ಮೂವತ್ತೈದು. ಈ ಜಿಲ್ಲೆಯಿಂದ ಬಂದು ನನ್ನ ದಾಖಲೆ ಪುಸ್ತಕ ಸೇರಿದವರನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು. ಉಳಿದವರು ಯಾವ ಓಣಿಯಲ್ಲಿ ಯಾವ ಹೆಸರಿನ ರೋಗ ಹೊತ್ತು ಕೂತಿದ್ದಾರೆ? ಕುಡಿತವೇ ಇಲ್ಲದೆ ಲಿವರು ಕೆಟ್ಟ ಹದಿಹರೆಯದ ಹುಡುಗ, ಹತ್ತನೆಯ ತರಗತಿಯಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬಿದ್ದ ಹುಡುಗಿ, ಗಾಳಿ ಸೋಂಕಿದೆ ಎಂದು ಕಟ್ಟಿಹಾಕಿದ ಯುವಕ.

ಆಶಾ ಕಾರ್ಯಕರ್ತೆ ತಂಗಿಯಂದಿರೆ, ಮಾಸ್ತರರೆ, ಇಂಥವರನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ವಂಶವಾಹಿ ಓದಿಸಲು ಬೇಕಾದೀತು. ಯುರೋಪಿನಲ್ಲಿ ಒಂದೇ ತಪ್ಪು ಬಹಳ ಜನರಲ್ಲಿ ಕಾಣುವುದರಿಂದ ಅಲ್ಲಿ ಆ ಒಂದನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ. ನಮ್ಮಲ್ಲಿ ತಪ್ಪುಗಳು ನೂರಾರು ಬಗೆಯವು, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಹಂಪಿ ಎಕ್ಸ್‌ಪ್ರೆಸ್ ಹತ್ತುವುದು ಆ ಹಂತದಲ್ಲಿ. ಮೊದಲ ಅನುಮಾನಕ್ಕೆ ಸ್ಲಿಟ್ ಲ್ಯಾಂಪು ಸಾಕು, ಅದು ಗದಗ-ಬೆಟಗೇರಿಯ ಕಣ್ಣಿನ ದವಾಖಾನೆಗಳಲ್ಲಿದೆ. ನಿತ್ಯ ಅಜ್ಜ ಅಜ್ಜಿಯರ ಪೊರೆ ನೋಡುವ ಅದೇ ಯಂತ್ರ. ನಡುಗುವ ಹುಡುಗನೊಬ್ಬ ಸಿಕ್ಕರೆ ಗದ್ದ ಅದರ ಮೇಲೆ ಇಡಿಸಿ. ನರದ ತೊಂದರೆ ಶುರುವಾದ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಉಂಗುರ ಇರುತ್ತದೆ. ಬರಿಯ ಕಾಮಣಿಯ ಹಂತದಲ್ಲಿ ಅರ್ಧದಷ್ಟು ಮಂದಿಗೆ ಇರುವುದಿಲ್ಲ. ಹಾಗಾಗಿ ಉಂಗುರ ಇಲ್ಲ ಎಂದು ಕೈಬಿಡದೆ ರಕ್ತ, ಮೂತ್ರ ಮಾಡಿಸಿ.

ಈಗ ಇನ್ನೊಂದು ಮನೆ. ಲಕ್ಷ್ಮೇಶ್ವರದ ಕಡೆಯದು, ಮೊದಲ ಮನೆಯಾದ ಎಂಟು ವರ್ಷಕ್ಕೆ ಬಂದದ್ದು. ಅಣ್ಣನಿಗೆ ರೋಗ ಖಚಿತವಾದ ದಿನ ಚೀಟಿ ಬರೆಯುವ ಮೊದಲು ನಾನು ಪೆನ್ನು ಕೆಳಗಿಟ್ಟೆ. ಕಾಪಿ ಪುಸ್ತಕ ತೆರೆದು ತೋರಿಸಿದೆ. ಆಮೇಲೆ ಏನಾಯಿತು ಎಂಬುದನ್ನೂ ಹೇಳಿದೆ. ಮರುದಿನವೇ ಏಳು ವರ್ಷದ ತಂಗಿ ಎರಡು ಜಡೆ ಹಾಕಿಕೊಂಡು ಬಂದಳು. ಕಣ್ಣಿನಲ್ಲಿ ಉಂಗುರವಿಲ್ಲ, ಮೈಯಲ್ಲಿ ಒಂದೂ ತಕರಾರಿಲ್ಲ. ರಕ್ತ, ಮೂತ್ರ ಎರಡೂ ಕೆಟ್ಟಿದ್ದವು. ಅಜ್ಜಿ ಒಪ್ಪಲಿಲ್ಲ. “ಆಡೂ ಹುಡುಗಿಗೆ ಜೀವ ಇರೂತನ ಗುಳಿಗಿ ಯಾಕ್ರಿ? ಮುಂದ ಆಕಿನ್ನ ಮಾಡ್ಕೊಳ್ಳಾವ್ರು ಯಾರು?” ಸೋದರಮಾವ ಆಗಲೇ ಗೊತ್ತಾಗಿದ್ದ. ಸೊಸೆಯ ಕಡೆಯಿಂದಲೇ ಈ ಪೀಡೆ ಬಂತು ಎಂದೂ ಅಜ್ಜಿ ಅಂದರು. ನಾನು ಎರಡು ಗೆರೆ ಎಳೆದು ತೋರಿಸಿದೆ: ಒಂದು ನಿಮ್ಮ ಮಗನಿಂದ, ಒಂದು ಸೊಸೆಯಿಂದ, ಎರಡೂ ಸಮ, ಒಂದು ಕೂದಲೆಳೆಯ ಹೆಚ್ಚುಕಮ್ಮಿ ಇಲ್ಲ. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಇನ್ನೂ ಕಾಣುತ್ತದೆ. ಅಜ್ಜಿಯನ್ನು ಒಪ್ಪಿಸಲು ನಾಲ್ಕು ಭೇಟಿ ಬೇಕಾದವು, ಸೋದರಮಾವನ ಮದುವೆ ಕೈಬಿಡಿಸಲು ಹತ್ತು ವರ್ಷ.

ಆ ಹುಡುಗಿ ಒಂದು ದಿನವೂ ನಡುಗಲಿಲ್ಲ. ಓದಿದಳು, ಮುಂಡರಗಿಯಲ್ಲಿ ಕೆಲಸ ಹಿಡಿದಳು, ಹೊರಗಿನ ಸಂಬಂಧದಲ್ಲಿ ಮದುವೆಯಾದಳು. ಮಾಡಿಕೊಂಡವನಿಗೆ ನೋಡಲು ಬಂದ ದಿನವೇ ಎಲ್ಲವನ್ನೂ ಹೇಳಿದ್ದಳು. ಬಸಿರಾದಾಗ ಗುಳಿಗೆ ನಿಲ್ಲಿಸು ಎಂದು ನಾಲ್ಕಾರು ಜನ ಹೇಳಿದರು. ನಿಲ್ಲಿಸಲಿಲ್ಲ, ಪ್ರಮಾಣ ಹೊಂದಿಸಿ ಮುಂದುವರಿಸಿದೆವು. ಕಳೆದ ತಿಂಗಳು ಫೋನು ಮಾಡಿದ್ದಳು.

“ಸರ, ಕೂಸಿನ ರಕ್ತ ಯಾವಾಗ ತೆಗಸೂನ್ರಿ?”

“ಈಗ ಎಷ್ಟು ತಿಂಗಳವ್ವಾ?”

“ಹನ್ನೊಂದರಾಗ ಬಿದ್ದೈತ್ರಿ.”

“ಇಷ್ಟು ಸಣ್ಣದರಾಗ ಲೆಕ್ಕ ಸರಿ ಸಿಗೂದಿಲ್ಲ. ಎರಡು ತುಂಬಲಿ, ಆಮ್ಯಾಲ ತೆಗಸೂನು. ನಿನ್ನ ಗುಳಿಗಿ?”

“ಮುಂಜಾನೆ ಎದ್ದ ಕೂಡಲೇ ತಗೊಂಡೇನ್ರಿ. ಇನ್ನೂ ಚಾ ಕುಡದಿಲ್ಲ.”